ಗಂಟಲ ಮೇಲಿನ ಕೈ

ಶಿವನನ್ನು ಬಾಯಿ ತುಂಬ ಬೈದು ಮನೆಗೆ ಬಂದ ಚಂದ್ರವ್ವ ಕೈಕಾಲು ತೊಳೆದು ಮೊದಲು ಮಾಡುವ ಕೆಲಸವೆಂದರೆ ಅದೇ ಶಿವನ ಮುಂದೆ ದೀಪ ಹಚ್ಚುವುದು. ಮೂವತ್ತು ವರ್ಷ ಹಾಗೇ ನಡೆದುಕೊಂಡು ಬಂದಿತ್ತು. ದೀಪ ಹಚ್ಚುವಾಗ ಅವಳ ಮುಖದಲ್ಲಿ ಅಂಜಿಕೆಯೂ ಇರುತ್ತಿರಲಿಲ್ಲ, ಪಶ್ಚಾತ್ತಾಪವೂ ಇರುತ್ತಿರಲಿಲ್ಲ. ದಿನವಿಡೀ ಜಗಳಾಡಿದ ಗಂಡನಿಗೆ ಸಂಜೆ ಚಹಾ ತಂದುಕೊಡುವ ಹೆಂಡತಿಯ ಮುಖ ಹೇಗಿರುತ್ತದೆಯೋ ಹಾಗಿರುತ್ತಿತ್ತು.

ಇದನ್ನು ಮುಂಬೈ ಪೊಲೀಸರಿಗೆ ತಿಳಿಸಿ ಹೇಳುವುದು ಹೇಗೆ? ಅಲ್ಲೇ ಬಂತು ತಕರಾರು.

ಚಂದ್ರವ್ವ ನಾಗೇಶಿ ಪದದವಳು. ವಿಜಯಪುರದ ಕಡೆಯ ಗೀಗೀ ಮೇಳದ ಹಾಡಿಕೆಯಲ್ಲಿ ಎರಡು ಪಕ್ಷ. ಹರದೇಶಿಯವರು ಶಿವನ ಕಡೆ, ನಾಗೇಶಿಯವರು ಶಕ್ತಿಯ ಕಡೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ದಪ್ಪು ಬಾರಿಸಿಕೊಂಡು ವಾದ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಜವಾಬು ಕೊಡಬೇಕು. ಸವಾಲಿನಲ್ಲಿ ಎದುರಿನವರ ದೇವರನ್ನು ಎಷ್ಟು ಚೆನ್ನಾಗಿ ಬೈದರೆ ಅಷ್ಟು ಹೆಸರು. ಕೂತು ಕೇಳುವವರೆಲ್ಲ ಹಣೆ ತುಂಬ ವಿಭೂತಿ ಬಳಿದುಕೊಂಡ ಶಿವಭಕ್ತರೇ. ಬೈಗುಳ ಸಪ್ಪೆಯಾದರೆ ಅವರೇ ಮೊದಲು ಎದ್ದು ಬೀಡಿ ಸೇದಲು ಹೋಗುವವರು. ಇದಕ್ಕೊಂದು ಕಟ್ಟಳೆ ಇದೆ. ಹಾಕಿದ ಬೈಗುಳ ಬೈದವರ ತಲೆಯ ಮೇಲೆ ಕೂತಿರುತ್ತದೆ. ಎದುರಿನವರು ಜವಾಬು ಕೊಟ್ಟು, ಬೈದವರು ‘ಒಪ್ಪಿದೆ’ ಎಂದಾಗ ಇಳಿಯುತ್ತದೆ. ಆಗ ಆಟ ಮುಗಿದಂತೆ, ಎಲ್ಲರೂ ಮನೆಗೆ. ಒಪ್ಪದಿದ್ದರೆ ಮುಂದಿನ ಬೈಠಕ್ಕಿನಲ್ಲಿ ಮತ್ತೆ ಕೂಡಬೇಕು. ಸವಾಲನ್ನು ಹಿಂದೆ ತಗೊಳ್ಳುವುದು ಮಾತ್ರ ಯಾರೂ ಮಾಡದ ಕೆಲಸ. ತಗೊಂಡವರು ಸೋತ ಹಾಗೆ, ಆ ಎದುರಾಳಿಯ ಮುಂದೆ ಮತ್ತೆ ಹಾಡಲು ನಿಲ್ಲುವ ಹಾಗಿಲ್ಲ.

ಚಂದ್ರವ್ವನ ಎದುರಾಳಿ ಶಿವಪುತ್ರಪ್ಪ. ಮುಂಬೈಯ ಪರೇಲಿನ ಗಿರಣಿಯಲ್ಲಿ ನೂಲಿನ ಧೂಳು ಕುಡಿದು ದೊಡ್ಡವನಾದವನು, ಗಿರಣಿ ಮುಚ್ಚಿದ ಮೇಲೆ ಅಲ್ಲೇ ಒಂದು ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್ ಆಗಿ ನಿವೃತ್ತನಾದವನು. ಚಂದ್ರವ್ವ ದಹಿಸರ್‌ನಲ್ಲಿ ಖಾನಾವಳಿ ನಡೆಸುತ್ತಿದ್ದಳು. ಊರು ಬಿಟ್ಟು ಬಂದ ಗೌಂಡಿಗಳು, ಪೇಂಟರುಗಳು, ಬ್ಯಾಂಕಿನ ಒಂಟಿ ಗುಮಾಸ್ತರು ಅವಳ ಜೋಳದ ರೊಟ್ಟಿಗೆ ಗಿರಾಕಿಗಳು. ಗಂಡ ಸಂಗಪ್ಪ ಇರುವತನಕ ಅವಳ ಹಿಂದೆ ನಿಂತು ತುಂತುಣಿ ಬಾರಿಸಿದ, ಬಾರಿಸುತ್ತಲೇ ಒಂದು ದಿನ ಹೋಗಿಬಿಟ್ಟ. ಶಿವಪುತ್ರಪ್ಪನ ಹೆಂಡತಿ ಅದಕ್ಕೂ ಎಷ್ಟೋ ಮೊದಲು ತೀರಿಕೊಂಡಿದ್ದಳು.

ಮೇಳದಲ್ಲಿ ನಿಂತರೆ ಅವನು ಅವಳನ್ನು ಗಯ್ಯಾಳಿ ಎನ್ನುತ್ತಿದ್ದ, ಅವಳು ಅವನನ್ನು ಬೂದಿಬಡಕ ಎನ್ನುತ್ತಿದ್ದಳು. ಕೆಳಗಿಳಿದರೆ ‘ಚಂದ್ರವ್ವಾರ’, ‘ಮಾಸ್ತರ’. ಹಾಡಿಕೆ ಮುಗಿಸಿ ಅವನು ಖಾನಾವಳಿಗೆ ಬಂದು ಉಳಿದವರ ಸಾಲಿನಲ್ಲಿ ಕೂತು ಉಣ್ಣುತ್ತಿದ್ದ. ಅವಳು ಎಲ್ಲರಿಗೂ ಬಡಿಸುವಷ್ಟೇ ಎಣ್ಣೆಗಾಯಿ ಅವನಿಗೂ ಬಡಿಸುತ್ತಿದ್ದಳು. ಹಾಗಂತ ಅವಳು ಅಂದುಕೊಂಡಿದ್ದಳು. ಸೊಸೆ ವೈಶಾಲಿಯ ಕಣ್ಣಿಗೆ ಬೇರೆ ಕಂಡಿತ್ತು, ಆದರೆ ಅವಳು ಜಾಣೆ, ಆಡಿ ತೋರಿಸಲಿಲ್ಲ. ಇಷ್ಟು ವರ್ಷದಲ್ಲಿ ಚಂದ್ರವ್ವ ಪರೇಲಿನ ಅವನ ಮನೆಯ ಹೊಸ್ತಿಲು ತುಳಿದವಳಲ್ಲ. ಹೋಗಲು ಕಾರಣವೇ ಇರಲಿಲ್ಲ.

ಒಂದು ಶ್ರಾವಣದಲ್ಲಿ ಅವಳು ಹೊಸ ಸವಾಲೊಂದನ್ನು ಹಾಕಿದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ವರ್ಷವಿಡೀ ಅದನ್ನು ತಿದ್ದಿದ್ದಳು. ಸೋಮವಾರ ಮಧ್ಯಾಹ್ನ, ಮಹಾದೇವನ ಗುಡಿಯ ಪಕ್ಕದ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ನಮ್ಮ ಕಡೆಯ ಜನ ತುಂಬಿ ಹೊರಗೂ ನಿಂತಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಶುರುಮಾಡಿದಳು.

ಸುಡಗಾಡದಾಗ ಮಲಗಾಂವ, ಬೂದಿ ಬಳಕೊಂಡ ತಿರಗಾಂವ,
ಮನಿ ಇಲ್ಲ ಮಾರ ಇಲ್ಲ, ಹೆಂಡತಿ ಕೈಯ ತುತ್ತ ತಿನ್ನಾಂವ,
ವಿಷಾ ಕಂಡರ ಬಾಯಿ ತೆರದಾಂವ, ಬುದ್ಧಿಗೇಡಿ ಇಂವಗ
ದೇವರಂತ ಯಾರ ಅಂದಾರ?

ಜನ ಸಿಳ್ಳೆ ಹೊಡೆದರು. ಇಲ್ಲಿಯವರೆಗಿನದು ಬರೀ ಒಗ್ಗರಣೆ. ಆಮೇಲೆ ಅವಳು ದನಿ ಇಳಿಸಿ ನಿಜವಾದ ಸವಾಲಿಗೆ ಬಂದಳು. ವಿಷ ಕುಡಿದಾಗ ಓಡಿ ಬಂದು ಗಂಟಲು ಹಿಡಿದವಳು ಪಾರ್ವತಿ. ಅವಳು ಹಿಡಿದದ್ದಕ್ಕೇ ವಿಷ ಅಲ್ಲೇ ನಿಂತಿತು, ಅವನು ಉಳಿದ. ಹಾಗಾದರೆ ಉಳಿಸಿದ ಕೈ ದೊಡ್ಡದೋ, ಉಳಿದ ಗಂಟಲು ದೊಡ್ಡದೋ? ಇವತ್ತು ಆಕೆ ಆ ಕೈ ತೆಗೆದರೆ ನಿನ್ನ ದೇವರು ಏನಾದಾನು? ಹೇಳೋ ಹರದೇಶಿ ಎಂದು ಅವಳು ಕೈ ಚಾಚಿ ನಿಂತಾಗ, ದಪ್ಪಿನ ಗುರುಪಾದ ಬಾರಿಸುವುದನ್ನೇ ಮರೆತ.

ಶಿವಪುತ್ರಪ್ಪ ಎದ್ದು ನಿಂತ. ಅವಳನ್ನೇ ನೋಡಿದ. ಮೂವತ್ತು ವರ್ಷದಲ್ಲಿ ಅವನು ಹಾಗೆ ನೋಡಿದ್ದು ಅವಳಿಗೆ ನೆನಪಿಲ್ಲ. ಆಮೇಲೆ ನಕ್ಕ, ಕಣ್ಣು ಮುಚ್ಚಿದ, ಬಾಯಿ ತೆರೆದ. ಅಷ್ಟರಲ್ಲಿ ಮಳೆ ಬಂತು. ಬಂತು ಅಂದರೆ ಮುಂಬೈ ಮಳೆ. ಪೆಂಡಾಲು ಹರಿದು ಮೈಕು ಚಟಪಟ ಎಂದು ಸತ್ತಿತು, ಜನ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಅವನು ಪ್ಲಾಸ್ಟಿಕ್ ಹಾಳೆಯೊಂದನ್ನು ತಲೆಯ ಮೇಲೆ ಹಿಡಿದುಕೊಂಡು ಅವಳ ಹತ್ತಿರ ಬಂದ.

“ಜವಾಬು ಐತ್ರಿ ಚಂದ್ರವ್ವಾರ, ನನ್ನ ಹಂತೇಕ ಐತಿ. ಮುಂದಿನ ಸೋಮಾರ ತಗೋರಿ,” ಎಂದ.

ಅಂದು ಮನೆಗೆ ಬಂದು ದೀಪ ಹಚ್ಚುವಾಗ ಅವಳಿಗೆ ಸ್ವಲ್ಪ ತಲೆಭಾರ ಅನಿಸಿತು. ಇರಲಿ, ಒಂದು ವಾರದ ಮಾತು ಎಂದುಕೊಂಡಳು.

ಆ ಮುಂದಿನ ಸೋಮವಾರ ಬರಲೇ ಇಲ್ಲ. ವೈಶಾಲಿ ಸಾತಾರಾ ಕಡೆಯ ಹುಡುಗಿ, ಅತ್ತೆಯ ಹಾಡು ಅರ್ಧ ತಿಳಿಯದಿದ್ದರೂ ಅತ್ತೆಯೆಂದರೆ ಅವಳಿಗೆ ಅಭಿಮಾನ. ಮೊಬೈಲಿನಲ್ಲಿ ತೆಗೆದದ್ದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಸ್ಟೇಟಸ್ಸಿನಲ್ಲಿ ಹಿಡಿಸುವುದೆಷ್ಟು? ಸಿಳ್ಳೆ ಬಿದ್ದ ಭಾಗವನ್ನೇ ಆರಿಸಿ ಹಾಕಿದಳು ಪಾಪ. ಯಾರೋ ಅದನ್ನು ಇಳಿಸಿಕೊಂಡು, ಕೆಳಗೆ ಹಿಂದಿ ಅಕ್ಷರ ಕೂಡಿಸಿ, ಯಾವ್ಯಾವುದೋ ಗ್ರೂಪಿಗೆ ಬಿಟ್ಟರು. ಶ್ರಾವಣ ಮಾಸದಲ್ಲಿ, ಗುಡಿಯ ಎದುರಿಗೇ, ಮಹಾದೇವನಿಗೆ ಬುದ್ಧಿಗೇಡಿ ಎನ್ನುವ ಹೆಂಗಸು. ಎರಡು ದಿನದಲ್ಲಿ ಅದು ನಾವು ಹೆಸರು ಕೇಳದ ಊರಿನ ಜನರ ಮೊಬೈಲಿನಲ್ಲೆಲ್ಲ ಓಡಾಡಿತು. ಖಾನಾವಳಿಯ ಮುಂದೆ ಹುಡುಗರು ಬಂದು ನಿಂತರು. ಒಂದು ತಟ್ಟೆಯನ್ನೂ ಮುಟ್ಟಲಿಲ್ಲ, ಸುಮ್ಮನೆ ಅವಳು ರೊಟ್ಟಿ ಬಡಿಯುವುದನ್ನು ವಿಡಿಯೋ ಮಾಡಿಕೊಂಡು ಹೋದರು. ಮರುದಿನ ಠಾಣೆಯಿಂದ ಕರೆ ಬಂತು. ಧಾರ್ಮಿಕ ಭಾವನೆಗೆ ಧಕ್ಕೆ ತಂದಿದ್ದಾಳೆಂದು ಅಮಿತ ಎಂಬ ತರುಣ ದೂರು ಕೊಟ್ಟಿದ್ದ.

ಠಾಣೆಯ ಇನ್ಸ್‌ಪೆಕ್ಟರ್ ಸೋಲಾಪುರದ ಕಡೆಯವನು. ಅವನ ಊರಿನಲ್ಲೂ ಮರಾಠಿಯಲ್ಲಿ ಇಂಥ ಸವಾಲು ಜವಾಬು ನಡೆಯುತ್ತಿತ್ತು, ಅಜ್ಜನ ಜೊತೆ ಕೂತು ಕೇಳಿದ್ದ. ಚಿಕ್ಕಮ್ಮನನ್ನು ಕರೆದಂತೆ ಮಾವಶಿ ಎಂದು ಕರೆದು ಕುರ್ಚಿ ಕೊಟ್ಟ. ನೀವು ಬೈಯಲಿಲ್ಲ, ಅಲ್ಲವೇ? ಯಾವುದೋ ಹಳೆಯ ಹಾಡು, ಅರ್ಥ ಗೊತ್ತಿಲ್ಲದೆ ಹಾಡಿದಿರಿ, ಅಲ್ಲವೇ? ಹೀಗೆ ತಾನೇ ಬಾಯಿಗೆ ಮಾತು ಕೊಟ್ಟು ಕೇಳಿದ. ಹೌದೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಹಾಕಿದ ಸವಾಲನ್ನು ಹಾಕಿಲ್ಲ ಎನ್ನುವುದೇ? ಅದೂ ಜವಾಬು ಇನ್ನೂ ಬರುವುದಿರುವಾಗ?

“ಬೈದೀನ್ರಿ ಸಾಹೇಬ್ರ,” ಎಂದಳು ಚಂದ್ರವ್ವ. “ನಾನ ಕಟ್ಟಿ ಬೈದೀನಿ. ಒಂದ ವರ್ಷ ಕೂತು ಕಟ್ಟೀನಿ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಹಣೆ ಉಜ್ಜಿಕೊಂಡ. ಮಗ ಪ್ರಶಾಂತ ಹಿಂದೆ ನಿಂತು ಅವ್ವನ ಭುಜ ಒತ್ತುತ್ತಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ.

ಶಿವಪುತ್ರಪ್ಪನನ್ನೂ ಕರೆಸಿದರು. ಅವನಾದರೂ ಸಂಭಾಳಿಸಬಹುದೆಂದು ಎಲ್ಲರೂ ಕಾದರು. ಆ ಮಹರಾಯ ಇಸ್ತ್ರಿ ಅಂಗಿ ಹಾಕಿಕೊಂಡು, ರುಮಾಲು ಸುತ್ತಿಕೊಂಡು, ಹಾಡಿಕೆಯ ತೀರ್ಪುಗಾರನಂತೆ ಬಂದು ಕೂತ. ಆಕೆ ದೇವರನ್ನು ಬೈದರೇ ಎಂದು ಕೇಳಿದ್ದಕ್ಕೆ, ಬೈದರು, ಇಷ್ಟು ಛಲೋ ಬೈದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ ಎಂದು ಹೇಳಿಕೆ ಕೊಟ್ಟ. ಎದುರಾಳಿಯ ಗೆಲುವನ್ನು ಅವಳ ಬೆನ್ನ ಹಿಂದೆ ಕಡಿಮೆ ಮಾಡಿ ಹೇಳುವವನಲ್ಲ ಅವನು. ಹೇಳಿಕೆ ಮರಾಠಿಯಲ್ಲಿ ಬರೆದಾಗ ‘ಛಲೋ’ ಬಿಟ್ಟುಹೋಯಿತು. ಶಿವಪುತ್ರಪ್ಪ ಸರ್ಕಾರದ ಕಡೆಯ ಮೊದಲ ಸಾಕ್ಷಿಯಾದ.

ಜಾಮೀನು ಸಿಕ್ಕಿತು. ವಕೀಲ ಕಾಶಿನಾಥ ಬೆಳಗಾವಿಯವನು, ಬಾಂದ್ರಾದಲ್ಲಿ ಆಫೀಸು. ಜಾಮೀನಿನ ಷರತ್ತುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ. ಹಾಡುವ ಹಾಗಿಲ್ಲ. ಅದನ್ನು ಅವಳು ಸುಮ್ಮನೆ ಕೇಳಿಕೊಂಡಳು. ಸಾಕ್ಷಿಗಳನ್ನು ಕಾಣುವ ಹಾಗಿಲ್ಲ, ಫೋನು ಮಾಡುವ ಹಾಗಿಲ್ಲ, ಇನ್ನೊಬ್ಬರ ಕೈಯಲ್ಲಿ ಹೇಳಿ ಕಳಿಸುವ ಹಾಗೂ ಇಲ್ಲ. ಇದನ್ನು ಕೇಳಿ ಅವಳು, ಮಾಸ್ತರರನ್ನೂ ಕಾಣಬಾರದೇ ಎಂದು ಕೇಳಿದಳು. ಅವರನ್ನಂತೂ ಕಾಣಲೇಬಾರದು ಎಂದ ಕಾಶಿನಾಥ.

ಅಲ್ಲಿಂದ ಶುರುವಾಯಿತು ಅವಳ ಹಂಬಲ. ದಹಿಸರ್‌ನಲ್ಲಿ ಸ್ಲೋ ಲೋಕಲ್ ರೈಲು ಹಿಡಿದು ಪ್ರಭಾದೇವಿಯಲ್ಲಿ ಇಳಿದು ಹಳಿಯ ಮೇಲಿನ ಪುಲ್ ದಾಟಿದರೆ ಪರೇಲ್. ಅಷ್ಟೇ ದೂರ. ಜವಾಬು ಅಲ್ಲಿದೆ, ಅವಳು ಇಲ್ಲಿದ್ದಾಳೆ. ಏನಿರಬಹುದು? ರೊಟ್ಟಿ ಬಡಿಯುತ್ತ ತಾನೇ ಹರದೇಶಿಯಾಗಿ ಯೋಚಿಸುತ್ತಿದ್ದಳು. ಕೈಯೂ ಅವನದೇ ಅರ್ಧ ಮೈಯದು, ಹಾಗಾಗಿ ತನ್ನನ್ನು ತಾನೇ ಉಳಿಸಿಕೊಂಡ ಎನ್ನಬಹುದೇ? ಛೆ, ಅದು ಹಳಸಿದ ಜವಾಬು, ಮಾಸ್ತರರು ಅಂಥದ್ದಕ್ಕೆ ಹಾಗೆ ನಗುವವರಲ್ಲ. ವಿಷವೂ ಶಕ್ತಿಯೇ ಎನ್ನಬಹುದೇ? ಅದರಿಂದ ಅವರೇ ಸೋಲುತ್ತಾರೆ. ಒಂದೊಂದನ್ನೂ ಎತ್ತಿ ನೋಡಿ ಬದಿಗಿಡುತ್ತಿದ್ದಳು, ಹೆಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು.

ಅವಳಿಗೆ ಅಂಜಿಕೆ ಹುಟ್ಟಿದ್ದು ಪೊಲೀಸರಿಂದಲ್ಲ. ತಲೆಯ ಮೇಲಿನ ಬೈಗುಳದಿಂದ. ದೂರು ಕೊಟ್ಟವರು ಅವಳು ಶಿವನಿಗೆ ಅಪರಾಧ ಮಾಡಿದ್ದಾಳೆ ಎಂದರು. ಅವಳಿಗೂ ಹಾಗೇ ಅನಿಸತೊಡಗಿತ್ತು, ಆದರೆ ಕಾರಣ ಬೇರೆ. ಬೈದದ್ದು ಅಪರಾಧವಲ್ಲ, ಬೈದು, ಅದನ್ನು ಇಳಿಸುವವನ ಬಾಯಿಗೆ ಬೀಗ ಹಾಕಿಸಿ, ದೇವರನ್ನು ಬೈಸಿಕೊಂಡ ಹಾಗೇ ಕೂಡಿಸಿಟ್ಟಿದ್ದು ಅಪರಾಧ. ದೀಪ ಹಚ್ಚುವಾಗ ಅವಳು ಲಿಂಗದ ಕಡೆ ಕಣ್ಣೆತ್ತಿ ನೋಡುವುದನ್ನು ಬಿಟ್ಟಳು. ಸ್ವಲ್ಪ ತಡಕೋಪಾ, ಜವಾಬು ಅದ ಅಂತ ಅಂದಾರ ಅವರು, ಎಂದು ಸೆರಗಿನ ಮರೆಯಲ್ಲೇ ಹೇಳುತ್ತಿದ್ದಳು.

ಆದರೆ ಬರೀ ಜವಾಬಿನ ಹಂಬಲವೆಂದರೆ ಅದು ಸುಳ್ಳು. ಊಟದ ಸಾಲಿನಲ್ಲಿ ಶಿವಪುತ್ರಪ್ಪ ಕೂಡುತ್ತಿದ್ದ ಮೂಲೆ ಖಾಲಿ ಇದ್ದರೂ, ತುಂಬಿದ್ದರೂ ಅವಳಿಗೆ ಸಂಕಟವಾಗುತ್ತಿತ್ತು. ತನ್ನನ್ನು ಗಯ್ಯಾಳಿ ಎಂದು ಕರೆಯುವವರು ಈ ಊರಿನಲ್ಲಿ ಯಾರೂ ಉಳಿದಿಲ್ಲ ಎಂದು ಒಂದು ಮಧ್ಯಾಹ್ನ ಪಾತ್ರೆ ತಿಕ್ಕುತ್ತ ಅನಿಸಿ, ಅವಳು ಅಳು ತಡೆಯಲಾರದೆ ನಲ್ಲಿಯನ್ನು ಜೋರಾಗಿ ಬಿಟ್ಟಳು. ಅರವತ್ತು ದಾಟುವ ಹೊತ್ತಿಗೆ ಇದೇನು ಬಂತು ತನಗೆ ಎಂದು ತನ್ನ ಮೇಲೇ ಸಿಟ್ಟು ಮಾಡಿಕೊಂಡಳು.

ಹೀಗೆ ಎರಡು ಶ್ರಾವಣ ಕಳೆದವು. ಗುರುಪಾದ ಆಗಾಗ ಊಟಕ್ಕೆ ಬರುತ್ತಿದ್ದ. ಅವನ ಕೈಯಲ್ಲಿ ಏನೂ ಹೇಳಿ ಕಳಿಸಬಾರದು ಎಂದು ವಕೀಲರು ಹೇಳಿದ್ದರು, ಅವನು ಹೇಳುವುದನ್ನು ಕೇಳಬಾರದು ಎಂದಿರಲಿಲ್ಲ. ಮಾಸ್ತರರಿಗೆ ಉಸಿರು ಸಾಲುವುದಿಲ್ಲ ಎಂದ ಗುರುಪಾದ. ಗಿರಣಿಯ ಧೂಳು ಈಗ ಮೇಲೆದ್ದಿದೆಯಂತೆ. ಮೂಗಿಗೆ ನಳಿಕೆ ಹಾಕಿ ಆಕ್ಸಿಜನ್ ಮಶಿನ್ನು ಹಚ್ಚಿದ್ದಾರಂತೆ. “ಒಂದು ನುಡಿ ಪೂರಾ ಹೇಳಾಕ ಆಗವಲ್ಲದು ಅಕ್ಕಾ,” ಎಂದ. ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು, ಅವನು ಬೇಡವೆಂದು ಕೈ ಅಡ್ಡ ಹಿಡಿದದ್ದು ಕಾಣಲಿಲ್ಲ.

ಅದೇ ದಿನಗಳಲ್ಲಿ ಕಾಶಿನಾಥ ಬಾಂದ್ರಾಕ್ಕೆ ಕರೆಸಿದ. ದೂರುದಾರರು ರಾಜಿಗೆ ಒಪ್ಪಿದ್ದಾರೆ, ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸಬಹುದು. ಅವರದು ಮೂರು ಷರತ್ತು. ಚಂದ್ರವ್ವ ವಿಡಿಯೋದಲ್ಲಿ ಕ್ಷಮೆ ಕೇಳಬೇಕು, ಹಾಡಿದ್ದನ್ನು ಹಿಂದೆ ತಗೊಂಡಿದ್ದೇನೆ ಎನ್ನಬೇಕು, ಇನ್ನು ಸಾರ್ವಜನಿಕವಾಗಿ ಹಾಡುವುದಿಲ್ಲ ಎಂದು ಬರೆದುಕೊಡಬೇಕು.

ಒಳಗೆ ಎರಡೂ ಕಡೆಯ ವಕೀಲರು ಮಾತಾಡುವಾಗ ಹೊರಗಿನ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಒಬ್ಬ ತರುಣ ಕೂತಿದ್ದ. ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವನ ಅಂಗಿ, ಕೊರಳಲ್ಲಿ ರುದ್ರಾಕ್ಷಿ. ಅವನೇ ಅಮಿತ. ಅವಳು ರಾಕ್ಷಸನನ್ನೇ ನಿರೀಕ್ಷಿಸಿದ್ದಳು. ಇವನು ನೋಡಿದರೆ ಸೋಮವಾರದ ಉಪವಾಸಕ್ಕೆ ಬಾಡಿದ ಮುಖದವನು. ಅವನೇ ಹಿಂದಿಯಲ್ಲಿ ಮಾತು ತೆಗೆದ. ಅವನ ತಾಯಿ ಆಸ್ಪತ್ರೆಯಲ್ಲಿದ್ದಾಗ ಹದಿನಾರು ಸೋಮವಾರದ ವ್ರತ ಹಿಡಿದಿದ್ದ, ತಾಯಿ ಉಳಿಯಲಿಲ್ಲ, ಆದರೂ ಅವನು ಉಪವಾಸ ಬಿಡಲಿಲ್ಲ. ಅಂಥದ್ದರಲ್ಲಿ ಆ ವಿಡಿಯೋ ಬಂತು. ನನ್ನ ತಾಯಿ ಕೊನೆಯವರೆಗೂ ನಂಬಿದ ದೇವರನ್ನು ನೀವು ಹಾಗೆ ಅಂದಿರಿ, ನನಗೆ ತಡೆಯಲಾಗಲಿಲ್ಲ ಎಂದ. ತನ್ನ ಹಾಡು ಒಬ್ಬನ ಮನಸ್ಸಿಗೆ ನಿಜವಾಗಿಯೂ ಹೊಡೆದಿದೆ ಎಂದು ಚಂದ್ರವ್ವನಿಗೆ ಆವತ್ತೇ ತಿಳಿದದ್ದು.

ತನ್ನ ಮುರುಕು ಹಿಂದಿಯಲ್ಲಿ ಅವಳು ಅವನಿಗೆ ಹಾಡಿಕೆಯ ಕಟ್ಟಳೆ ತಿಳಿಸಿದಳು. ಬೈಗುಳ ಒಂದು ಕಡೆಯದು, ಜವಾಬು ಇನ್ನೊಂದು ಕಡೆಯದು, ಎರಡೂ ಕೂಡಿದರೆ ಮಾತ್ರ ಪದ. ಅಮಿತ ಅವಳ ಕಡೆ ಪೂರ್ತಿ ತಿರುಗಿದ.

“ಜವಾಬ್ ಭೀ ಹೋತಾ ಹೈ?” ಎಂದ.

ಹೌದು, ಜವಾಬೂ ಇರುತ್ತದೆ ಎಂದಳು. ಏನದು ಎಂದು ಕೇಳಿದ. ಅವನ ದನಿಯಲ್ಲಿ ಆಸೆಯಿತ್ತು, ಅವಳದೇ ಆಸೆ.

“ಮಾಲೂಮ್ ನಹೀ ಬೇಟಾ,” ಎಂದಳು ಚಂದ್ರವ್ವ. “ಜಿಸ್ಕೆ ಪಾಸ್ ಹೈ, ಉಸ್ಕೆ ಪಾಸ್ ಜಾನೇಕಾ ನಹೀ.” ಜವಾಬು ಇದ್ದವರ ಹತ್ತಿರ ತಾನು ಹೋಗುವ ಹಾಗಿಲ್ಲ ಎಂದು ಹೇಳಿದಳು.

ಅಮಿತ ಎದ್ದು ಒಳಗೆ ಹೋಗಿ, ಹಿಂದೆ ತಗೊಳ್ಳುವ ಮಾತು ಬಿಡೋಣ, ಬರೀ ಕ್ಷಮೆ ಸಾಕು ಎಂದನಂತೆ. ಅವನ ಜೊತೆ ಬಂದಿದ್ದ ಹಿರಿಯರು ಅವನನ್ನು ಸುಮ್ಮನಿರಿಸಿದರು. ಕೇಸು ಈಗ ಅವನೊಬ್ಬನದಾಗಿ ಉಳಿದಿರಲಿಲ್ಲ.

ಅವರು ಹೋದ ಮೇಲೆ ಕಾಶಿನಾಥ ಅವಳನ್ನು ಕೂಡಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದ. ಬೇಕೆಂದೇ, ದ್ವೇಷದಿಂದ ಮಾಡಿದರೆ ಮಾತ್ರ ಈ ಕಾಯ್ದೆಯಲ್ಲಿ ಅಪರಾಧ. ನಿಮ್ಮದು ಭಕ್ತಿಯ ಹಾಡಿಕೆ, ತಲೆಮಾರಿನಿಂದ ಬಂದದ್ದು; ತಮ್ಮ ಧರ್ಮವನ್ನು ತಮ್ಮ ರೀತಿಯಲ್ಲಿ ನಡೆಸಿಕೊಳ್ಳುವ ಹಕ್ಕು ನಿಮಗೂ ಇದೆ. ಹೋರಾಡಿದರೆ ಗೆಲ್ಲುತ್ತೇವೆ. ಎಷ್ಟು ವರ್ಷಕ್ಕೆ ಎಂದು ಮಾತ್ರ ಕೇಳಬೇಡಿ.

“ಮಾಸ್ತರ ಉಸಿರು ಅಲ್ಲೀತನ ತಡೀತದೇನ್ರಿ ವಕೀಲ್ರ?” ಎಂದು ಕೇಳಿದಳು.

ಕಾಶಿನಾಥ ರಾಜಿಯ ಕಾಗದವನ್ನು ಮಡಿಚಿ ಅವಳ ಕೈಗೆ ಕೊಟ್ಟ.

ಬಾಂದ್ರಾದಿಂದ ಮರಳುವಾಗ ಲೋಕಲ್‌ನ ಬಾಗಿಲ ಬಳಿ ನಿಂತು ಅವಳು ಇಬ್ಬಂದಿಯಲ್ಲಿ ಬೆಂದಳು. ಸವಾಲು ಹಿಂದೆ ತಗೊಂಡರೆ ಮಾಸ್ತರರ ಮುಖ ನೋಡಬಹುದು. ಆದರೆ ಹಿಂದೆ ತಗೊಂಡ ಸವಾಲಿಗೆ ಜವಾಬು ಇರುವುದಿಲ್ಲ. ಇಟ್ಟುಕೊಂಡರೆ ಜವಾಬಿನ ಆಸೆಯಾದರೂ ಉಳಿಯುತ್ತದೆ, ಕೊಡುವವರು ಉಳಿಯುವುದಿಲ್ಲ. ಬೊರಿವಲಿ ದಾಟುವ ಹೊತ್ತಿಗೆ ಅವಳಿಗೆ ತನ್ನ ಮನಸ್ಸು ಗೊತ್ತಾಗಿತ್ತು. ಅವನ ಮುಖ ನೋಡಬೇಕಿತ್ತು. ದೇವರು ತನ್ನ ಜವಾಬು ತಾನು ಹುಡುಕಿಕೊಳ್ಳಲಿ, ಅವನೇನು ಕೂಸಲ್ಲ ಎಂದುಕೊಂಡಳು. ಅಂದುಕೊಂಡ ಮೇಲೆ ಕೆನ್ನೆ ಬಡಿದುಕೊಂಡಳು.

ವಿಡಿಯೋ ತೆಗೆಯಲು ಮೊದಲು ನಿಂತವಳು ವೈಶಾಲಿಯೇ. ಖಾನಾವಳಿಯ ಬಾಗಿಲು ಹಾಕಿ, ಅತ್ತೆಯನ್ನು ಗೋಡೆಯ ಮುಂದೆ ಕೂಡಿಸಿ ಮೊಬೈಲು ಎತ್ತಿದವಳು ಹಾಗೇ ಇಳಿಸಿದಳು. “ಆಯೀ, ಮಾಝೀ ಚೂಕ್,” ಎಂದು ಬಿಕ್ಕಿದಳು. ಎರಡು ವರ್ಷದಿಂದ ತನ್ನದೇ ತಪ್ಪೆಂದು ಕೊರಗಿದ್ದಳು ಅವಳು. ಚಂದ್ರವ್ವ ಎದ್ದುಬಂದು ಸೊಸೆಯ ಕಣ್ಣೊರೆಸಿ, ನೀ ಹಾಕಿದ್ದಕ್ಕೇ ನನ್ನ ಪದ ಅಷ್ಟು ಊರು ನೋಡಿತು ಎಂದು ನಗಿಸಿದಳು. ಮೊಬೈಲನ್ನು ಪ್ರಶಾಂತನ ಕೈಗೆ ಕೊಟ್ಟು, ಮತ್ತೆ ಹೋಗಿ ಕೂತಳು. ಯಾರ ಮನಸ್ಸಿಗೆ ನೋವಾಗಿದೆಯೋ ಅವರು ಕ್ಷಮಿಸಬೇಕು ಎನ್ನುವಾಗ ಅಮಿತನ ಮುಖ ಕಣ್ಮುಂದೆ ಬಂತು. ಅದನ್ನವಳು ಮನಸಾರೆ ಹೇಳಿದಳು. “ನನ್ನ ಸವಾಲ ಹಿಂದ ತಗೊಂಡೀನಿ” ಎಂದದ್ದು ಮೊಬೈಲಿಗೆ ಕೇಳಿಸಲಿಲ್ಲ. ಪ್ರಶಾಂತ ಮತ್ತೊಮ್ಮೆ ಹೇಳಿಸಿದ. ಇನ್ನು ಹಾಡುವುದಿಲ್ಲ ಎಂಬ ಕಾಗದಕ್ಕೂ ಸಹಿ ಹಾಕಿದಳು. ಅಂದು ಸಂಜೆ ದೀಪವನ್ನು ವೈಶಾಲಿ ಹಚ್ಚಿದಳು.

ಕೋರ್ಟಿನ ಆದೇಶ ಬರಲು ಮತ್ತೂ ಕೆಲವು ತಿಂಗಳು ಹಿಡಿಯಿತು. ಬಂದಿದೆ, ಇನ್ನು ಜಾಮೀನಿನ ಯಾವ ಷರತ್ತೂ ಇಲ್ಲ ಎಂದು ಕಾಶಿನಾಥ ಫೋನು ಮಾಡಿದ ಮರುದಿನವೇ ಅವಳು ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಲೋಕಲ್ ಹತ್ತಿದಳು. ಅಂದು ಸೋಮವಾರ. ಪ್ರಭಾದೇವಿಯಲ್ಲಿ ಇಳಿದು ಪುಲ್ ಹತ್ತಿದಳು. ಜೀವನದಲ್ಲಿ ಮೊದಲ ಸಲ ಹೋಗುತ್ತಿರುವ ಮನೆಗೆ ಸೋತ ಮುಖ ಹೊತ್ತು ಹೋಗುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು, ಆದರೂ ನಡಿಗೆ ನಿಧಾನವಾಗಲಿಲ್ಲ.

ಗಿರಣಿ ಕಾರ್ಮಿಕರ ಚಾಳಿನ ಎರಡನೇ ಮಾಳಿಗೆ. ಬಾಗಿಲು ತೆರೆದವಳು ಶಿವಪುತ್ರಪ್ಪನ ಮಗಳು ನಾಗರತ್ನಾ. ಬರ್ರಿ ಅತ್ತಿ ಎಂದು ಒಳಗೆ ಕರೆದಳು. ಎಷ್ಟೋ ದಿನದಿಂದ ಕಾಯುತ್ತಿದ್ದವಳ ದನಿ ಅದು. ಕಿಟಕಿಯ ಪಕ್ಕದ ಮಂಚದ ಮೇಲೆ ಅವನು ದಿಂಬಿಗೆ ಒರಗಿ ಕೂತಿದ್ದ. ಮೈ ಅರ್ಧವಾಗಿತ್ತು. ಮೂಗಿನಲ್ಲಿ ನಳಿಕೆ, ಪಕ್ಕದಲ್ಲಿ ಗೊರಗೊರ ಎನ್ನುವ ಮಶಿನ್ನು. ಅವಳನ್ನು ಕಂಡು ತಲೆಯ ಮೇಲೆ ಕೈಯಾಡಿಸಿಕೊಂಡ. ರುಮಾಲಿಲ್ಲದೆ ಅವಳ ಮುಂದೆ ಅವನು ಯಾವತ್ತೂ ಕೂತವನಲ್ಲ.

ನಾಗರತ್ನಾ ಚಹಾ ಇಟ್ಟು ಬಾಗಿಲ ಹೊರಗೆ ಹೋಗಿ ನಿಂತಳು. ಚಂದ್ರವ್ವ ಸೆರಗಿನ ತುದಿ ತಿರುವುತ್ತ ನೆಲ ನೋಡಿಕೊಂಡೇ ಹೇಳಿದಳು.

“ಸವಾಲ ಹಿಂದ ತಗೊಂಡೀನ್ರಿ ಮಾಸ್ತರ. ಸೋತೀನಿ. ಇನ್ನ ನಿಮ್ಮ ಮುಂದ ನಿಂದ್ರಾಂಗಿಲ್ಲ ನಾ.”

ಅವನು ಉಸಿರು ಕೂಡಿಸಿಕೊಂಡ. ಅದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು.

“ನೀವು ತಗೊಂಡೀರಿ,” ಎಂದ. “ನಾ ಎಲ್ಲಿ ಕೊಟ್ಟೀನಿ?”

ಅವಳು ತಲೆಯೆತ್ತಿ ನೋಡಿದಳು. ಅವನು ನಗುತ್ತಿದ್ದ. ಮಳೆಯ ದಿನ ನಕ್ಕ ಹಾಗೆಯೇ. ಬೆರಳಿನಿಂದ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ತಾಳ ಹಾಕಲು ನೋಡಿದ, ಆಗಲಿಲ್ಲ. ಅವಳು ತಾನಾಗಿ ಕೈ ಮುಂದೆ ತಂದು ಆ ತಾಳ ಹಿಡಿದಳು. ಹಾಡಲು ಅವನಿಗೆ ಉಸಿರಿರಲಿಲ್ಲ. ತುಂಡು ತುಂಡಾಗಿ ಮಾತಿನಲ್ಲೇ ಹೇಳಿದ.

“ಆಕಿ ಕೈ ತೆಗೆದರ ಏನಾದಾನು ಅಂತ ಕೇಳಿದ್ರಿ. ಏನೂ ಆಗಂಗಿಲ್ಲ.” ನಿಂತ. ಮಶಿನ್ನು ಎರಡು ಮೂರು ಸಲ ಗೊರಗೊರ ಎಂದಿತು. “ದೇವರಾಂವ ಆಂವ. ಅಷ್ಟ ವಿಷ ಆಂವಗ ಯಾವ ದೊಡ್ಡದು? ಅವತ್ತ ನುಂಗಿಬಿಡಬಹುದಿತ್ತು. ಇವತ್ತಿಗೂ ನುಂಗಿಲ್ಲ.”

ಇಲ್ಲಿ ಎದುರಿನವರು ಕೇಳಬೇಕು. ಅದೂ ಕಟ್ಟಳೆಯೇ. ಅವಳ ಕೈ ತಾಳ ಬಿಟ್ಟಿತ್ತು.

“ಯಾಕ?” ಎಂದಳು.

“ನುಂಗಿದರ ಆಕಿ ಕೈ ತೆಗೀತಾಳಲ್ಲ,” ಎಂದ ಶಿವಪುತ್ರಪ್ಪ.

ಅವನು ದಿಂಬಿಗೆ ಒರಗಿ ಕಣ್ಣು ಮುಚ್ಚಿದ. ಎದೆ ಏರಿ ಇಳಿಯುತ್ತಿತ್ತು. ಹಣೆಯ ಮೇಲೆ ಬೆವರಿತ್ತು, ಅವಳು ಸೆರಗಿನಿಂದ ಒರೆಸಿದಳು. ಒರೆಸಿದ ಕೈಯನ್ನು ತೆಗೆಯಬೇಕೆಂದು ಅವಳಿಗೆ ಹೊಳೆಯಲಿಲ್ಲ. ಎರಡು ವರ್ಷಕ್ಕೂ ಮೇಲೆ ರೊಟ್ಟಿ ಕರಕು ಮಾಡಿಕೊಂಡು ಹುಡುಕಿದರೂ ಅವಳಿಗೆ ಸಿಗದ ಜವಾಬು ಇದು. ಅವಳ ಮೈಯೆಲ್ಲ ಒಪ್ಪಿತ್ತು. ಕಣ್ಣೀರು ಗಲ್ಲದಿಂದ ಇಳಿದು ಕೊರಳಿಗೆ ಬಂದರೂ ಒರೆಸಿಕೊಳ್ಳಲಿಲ್ಲ.

ಅವನು ಕಣ್ಣು ತೆರೆದು ಅವಳ ಬಾಯಿಂದ ಬರಬೇಕಾದ ಮಾತಿಗಾಗಿ ಕಾದ. ಒಪ್ಪಿದೆ ಎಂದರೆ ಬೈಗುಳ ಇಳಿಯುತ್ತದೆ, ಆಟ ಮುಗಿಯುತ್ತದೆ, ಎಲ್ಲರೂ ಮನೆಗೆ. ಚಂದ್ರ‌ವ್ವ ಕೈ ತೆಗೆಯದೆಯೇ ದನಿ ಗಟ್ಟಿ ಮಾಡಿಕೊಂಡಳು.

“ಒಪ್ಪಂಗಿಲ್ರಿ ಮಾಸ್ತರ,” ಎಂದಳು. “ಮುಂದಿನ ಸೋಮಾರ ಮತ್ತ ಬರ್ತೀನಿ.”